ಅತ್ತಿಗೆ, ಆ ಪುಸ್ತಕ ಈಗಲೇ ತರಿಸಬೇಡಿ

ಅತ್ತಿಗೆ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಮಗಳು ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎರಡೇ ದಿನದಲ್ಲಿ ಮುಗಿಸಿದಳು, ಹುಟ್ಟುಹಬ್ಬಕ್ಕೆ ಅದರ ಮುಂದಿನ ಭಾಗ ‘ಗೋ ಸೆಟ್ ಎ ವಾಚ್‌ಮನ್’ ತರಿಸಲಾ ಅಂತ ಕೇಳಿದ್ದೀರಿ. ಹೂಂ, ಉಹೂಂ ಅಂತ ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ.

ಮೊದಲನೆಯದಾಗಿ, ಅದು ಮುಂದಿನ ಭಾಗವೇ ಅಲ್ಲ. ಕಥೆಯಲ್ಲಿ ಮಾಕಿಂಗ್‌ಬರ್ಡ್‌ನ ಆ ಪುಟ್ಟ ಹುಡುಗಿ ಸ್ಕೌಟ್‌ಗೆ 26 ವರ್ಷ ಆಗಿದೆ, ನ್ಯೂಯಾರ್ಕ್‌ನಿಂದ ರೈಲಲ್ಲಿ ಅಲಬಾಮಾದ ಊರಿಗೆ ಬರುತ್ತಾಳೆ, ನಿಜ. ಆದರೆ ಲೇಖಕಿ ಹಾರ್ಪರ್ ಲೀ ಮೊದಲು ಬರೆದದ್ದು ಇದನ್ನೇ, 1950ರ ದಶಕದಲ್ಲಿ. ಸಂಪಾದಕಿಗೆ ಅದರೊಳಗಿನ ಬಾಲ್ಯದ ನೆನಪುಗಳು ಹಿಡಿಸಿದವು, ಆ ಚಿಕ್ಕ ಹುಡುಗಿಯ ಕಣ್ಣಲ್ಲೇ ಕಥೆ ಬರೆಯಿರಿ ಅಂತ ಒಪ್ಪಿಸಿದರು. ಅದು 1960ರ ಮಾಕಿಂಗ್‌ಬರ್ಡ್ ಆಯಿತು. ಪಕ್ಕಕ್ಕಿಟ್ಟ ಹಳೆಯ ಹಸ್ತಪ್ರತಿ 2015ರಲ್ಲಿ ಅಚ್ಚಾಯಿತು, ಆಗ ಅವರಿಗೆ 89 ವರ್ಷ. ಮರುವರ್ಷ ತೀರಿಕೊಂಡರು. ಹೆಚ್ಚೇನೂ ತಿದ್ದದೆ ಹಾಗೇ ಅಚ್ಚು ಹಾಕಿದ್ದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ಸ್ಕೌಟ್‌ಳ ಅಪ್ಪ, ವಕೀಲ ಅಟಿಕಸ್, ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯನ ಪರ ವಾದಿಸಿ ಸೋತಾಗ ಮಾಕಿಂಗ್‌ಬರ್ಡ್‌ನಲ್ಲಿ ನಾವು ಅತ್ತ ಆ ಕೇಸು ಇದರಲ್ಲಿ ಬರೀ ಒಂದು ನೆನಪು, ಅದೂ ಅಟಿಕಸ್ ಗೆದ್ದಿರುತ್ತಾನೆ! ಸ್ಕೌಟ್‌ಳ ಅಣ್ಣ ಜೆಮ್ ಸತ್ತು ಹೋಗಿದ್ದಾನೆ, ಅದನ್ನೂ ಸುಮ್ನೆ ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಕೊನೆಯ ಭಾಗವಂತೂ ಪೂರ್ತಿ ವಾದ. ಚಿಕ್ಕಪ್ಪನ ಜೊತೆ ವಾದ, ಅಪ್ಪನ ಜೊತೆ ವಾದ. ಕಥೆ ಅಲ್ಲಿಗೇ ನಿಂತುಬಿಡುತ್ತದೆ.

ಜಾಸ್ತಿ ನೋವಾಗಿದ್ದು ಅಟಿಕಸ್ ವಿಷಯಕ್ಕೆ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಇಡುವುದು ತಪ್ಪು ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತಲ್ಲ, ಅದನ್ನು ವಿರೋಧಿಸುವವರ ಸಭೆಯಲ್ಲಿ ಈ ಅಟಿಕಸ್ ಕೂತಿದ್ದಾನೆ. ಸ್ಕೌಟ್ ಅದನ್ನು ನೋಡುವುದು ಎಲ್ಲಿಂದ ಗೊತ್ತಾ? ಮಾಕಿಂಗ್‌ಬರ್ಡ್‌ನಲ್ಲಿ ಮಕ್ಕಳು ಕೂತು ಅಪ್ಪನ ವಾದ ಕೇಳಿದ ಕೋರ್ಟಿನ ಅದೇ ಬಾಲ್ಕನಿಯಿಂದ. ಅಲ್ಲಿ ಪುಸ್ತಕ ಮುಚ್ಚಿಟ್ಟವಳು ನಾನು ಎರಡು ದಿನ ಮುಟ್ಟಲಿಲ್ಲ.

ಆದರೂ ಅದು ಕೆಟ್ಟ ಪುಸ್ತಕ ಅಂತ ಹೇಳಿಬಿಡಲು ನನಗೆ ಬಾಯಿ ಬರುವುದಿಲ್ಲ ಅತ್ತಿಗೆ. ಒಂದು ಅಧ್ಯಾಯ ಇದೆ. ಸ್ಕೌಟ್ ತನ್ನನ್ನು ಸಾಕಿದ, ಮನೆಗೆಲಸದ ಕಪ್ಪು ಹೆಂಗಸು ಕಾಲ್ಪರ್ನಿಯಾಳ ಮನೆಗೆ ಹೋಗುತ್ತಾಳೆ. ಕಾಲ್ಪರ್ನಿಯಾ ಇವಳನ್ನು ಹೊರಗಿನವರ ಹಾಗೆ ಮಾತಾಡಿಸುತ್ತಾಳೆ, ಬರೀ ಮರ್ಯಾದೆ, ಪ್ರೀತಿಯ ಸುಳಿವೇ ಇಲ್ಲ. ನಿನಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲವಾ ಅಂತ ಸ್ಕೌಟ್ ಕೇಳುತ್ತಾಳೆ. ಅವಳು ತುಂಬಾ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಇಲ್ಲ ಅಂತ ತಲೆ ಆಡಿಸುತ್ತಾಳೆ. ಅಷ್ಟೇ.

ಅದನ್ನು ಓದುವಾಗ ನಮ್ಮ ಹಿತ್ತಿಲು ನೆನಪಾಯಿತು. ನನ್ನನ್ನು ಎತ್ತಿ ಆಡಿಸಿದ ಕೆಲಸದಮ್ಮನಿಗೆ ಒಗೆಯುವ ಕಲ್ಲಿನ ಪಕ್ಕ ಬೇರೆ ಲೋಟ ಇರುತ್ತಿತ್ತು. ನೀವು ಮದುವೆಯಾಗಿ ಬರುವ ಹೊತ್ತಿಗೆ ಅದೆಲ್ಲ ನಿಂತಿತ್ತು, ನೀವು ನೋಡಿಲ್ಲ. ಕಾಫಿಯನ್ನು ಮೇಲಿನಿಂದ ಹೊಯ್ಯುತ್ತಿದ್ದರು, ನಾನೂ ಹಾಗೇ ಹೊಯ್ದಿದ್ದೇನೆ. ಅಪ್ಪ, ನೀವೂ ಈ ಗ್ರೂಪಲ್ಲಿ ಇದನ್ನು ಕೇಳುತ್ತೀರಿ, ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲಿ ಎಷ್ಟೋ ಜನರ ಮಕ್ಕಳಿಗೆ ನೀವು ಫೀಸು ಕಟ್ಟಿದ್ದೀರಿ, ಅದೂ ನನಗೆ ಗೊತ್ತು. ಆದರೆ ಆ ಲೋಟದ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ದಸರಾಕ್ಕೆ ಬಂದಾಗ ಕೂತು ಮಾತಾಡೋಣ. ಆ ಅಮ್ಮ ಈಗ ಎಲ್ಲಿದ್ದಾರೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಅತ್ತಿಗೆ, ಪುಟ್ಟಿಗೆ ಈಗ ಹದಿಮೂರು. ಇನ್ನೊಂದಷ್ಟು ವರ್ಷ ಅವಳ ಅಟಿಕಸ್ ಅವಳಿಗೇ ಇರಲಿ. ಹುಟ್ಟುಹಬ್ಬಕ್ಕೆ ಬೇರೆ ಪುಸ್ತಕ ನಾನೇ ಆರಿಸಿ ಕಳಿಸುತ್ತೇನೆ. ವಾಚ್‌ಮನ್‌ನ ನನ್ನ ಪ್ರತಿ ಇಲ್ಲೇ ಇರುತ್ತದೆ, ಕಾಲೇಜಿಗೆ ಸೇರಿದ ಮೇಲೆ ಬಂದು ತೆಗೆದುಕೊಂಡು ಹೋಗಲಿ. ಕಾಲ್ಪರ್ನಿಯಾ ಇರುವ ಪುಟಕ್ಕೆ ಒಂದು ಚೀಟಿ ಇಟ್ಟಿದ್ದೇನೆ.