ಅಪ್ಪನ ಅರವತ್ತು, ಇಪ್ಪತ್ತೆರಡು ಜನ, ಒಂದೇ ತಂದೂರ್

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮಪ್ಪನ ಅರವತ್ತು. ಬೆಳಿಗ್ಗೆ ಮನೆಯಲ್ಲಿ ಶಾಂತಿ, ಹೋಮ ಎಲ್ಲ ಚೆನ್ನಾಗೇ ಆಯಿತು. ರಾತ್ರಿ ಮತ್ತೆ ಅಮ್ಮ ಒಲೆ ಮುಂದೆ ನಿಲ್ಲುವುದು ಬೇಡ ಅಂತ ಹತ್ತಿರದ ಒಂದು ದೊಡ್ಡ ವೆಜ್ ರೆಸ್ಟೋರೆಂಟಿನಲ್ಲಿ ಊಟ ಇಟ್ಟುಕೊಂಡೆವು. 22 ಜನ. ವಾರ ಮೊದಲೇ ಫೋನ್ ಮಾಡಿ ಹೇಳಿದ್ದೆ. 2,000 ರೂಪಾಯಿ ಅಡ್ವಾನ್ಸ್ ಕೂಡ ಕಳಿಸಿದ್ದೆ.

ಎಂಟೂವರೆಗೆ ಹೋದರೆ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ದುಡ್ಡು ಕಳಿಸಿದ್ದನ್ನು ಫೋನಿನಲ್ಲಿ ತೋರಿಸಿದ ಮೇಲೆ ಅರ್ಧ ಗಂಟೆ ಬಾಗಿಲಲ್ಲಿ ನಿಲ್ಲಿಸಿ, ಮೂರು ಕಡೆ ಚದುರಿಸಿ ಕೂರಿಸಿದರು. ಅಪ್ಪ ಒಂದು ಮೂಲೆ, ಅವರ ತಂಗಿ ಇನ್ನೊಂದು ಮೂಲೆ. ಸೂಪು ಬರಲು ಮುಕ್ಕಾಲು ಗಂಟೆ. ನಮ್ಮ ಟೇಬಲ್ಲಿಗೆ ರೋಟಿ ಬರುವ ಹೊತ್ತಿಗೆ ಚಿಕ್ಕಪ್ಪನ ಟೇಬಲ್ಲಿನವರು ಮೊಸರನ್ನ ಮುಗಿಸಿದ್ದರು. ಕೇಕ್ ಕತ್ತರಿಸಲು ಚಾಕು ಕೇಳಿದರೆ ಚಮಚ ಕೊಟ್ಟರು.

ಇದೆಲ್ಲ ಹೋಗಲಿ. 82 ವರ್ಷದ ಅಜ್ಜಿ, ಊಟ ಬಂದೇಬಿಡುತ್ತೆ ಅಂದುಕೊಂಡು ಕಾರಿನಲ್ಲೇ ಇನ್ಸುಲಿನ್ ತಗೊಂಡಿದ್ದರು. ಒಂಬತ್ತೂವರೆಗೆ ಬೆವರಿ ಕೈ ನಡುಗೋಕೆ ಶುರುವಾಯಿತು. ಸಕ್ಕರೆ ನೀರು ಹಿಡಿದು ಓಡಿ ಬಂದವನು, ಹತ್ತು ನಿಮಿಷದ ಹಿಂದೆ ನನ್ನ ಭಾವ ಬೈದಿದ್ದ ಸಪ್ಲೈಯರ್ ಹುಡುಗನೇ.

ಊಟದ್ದೇ 14,000 ಬಿಲ್. ಅದರ ಮೇಲೆ 10% ಸರ್ವಿಸ್ ಚಾರ್ಜ್, ಮೇಲೆ ಜಿಎಸ್‌ಟಿ. ಅಪ್ಪ "ಹೋಗ್ಲಿ ಬಿಡೋ, ಇವತ್ತು ಜಗಳ ಬೇಡ" ಅಂದರು. ಸುಮ್ಮನೆ ಕೊಟ್ಟು ಬಂದೆ.

ನಿಮಗೆ ಹೀಗಾದಾಗ ಏನು ಮಾಡಿದಿರಿ? ಈಗೇನಾದರೂ ಮಾಡಬಹುದಾ? ಮುಂದಿನ ತಿಂಗಳು ತಂಗಿಯ ಸೀಮಂತ ಇದೆ. ಮತ್ತೆ ಇದೇ ಗತಿ ಆಗಬಾರದು.

ಏಳು ವರ್ಷ ಕ್ಯಾಪ್ಟನ್ ಆಗಿದ್ದವರು

ನಾನು ಹೋಟೆಲ್ ಲೈನ್ ಬಿಟ್ಟು ನಾಲ್ಕು ವರ್ಷ ಆಯಿತು. ಈಗ ಯಾರ ಪರವೂ ವಹಿಸಬೇಕಿಲ್ಲ. ನಿಮಗೆ ಆಗಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಎಡವಿದ್ದು ಅಂತ ಗೊತ್ತಾದರೆ ಸೀಮಂತಕ್ಕೆ ಉಪಯೋಗ ಆಗುತ್ತದೆ.

ಮೊದಲನೆಯದು ಫೋನ್. ಮಧ್ಯಾಹ್ನ ಮೂರಕ್ಕೆ ನೀವು ಫೋನ್ ಮಾಡಿದರೆ ಗಲ್ಲಾದಲ್ಲಿ ಕೂತ ಯಾರೋ ಎತ್ತುತ್ತಾರೆ. ಡೈರಿಯಲ್ಲಿ ಬರೆದರೆ ಬರೆದರು, ಇಲ್ಲದಿದ್ದರೆ ಬಿಲ್ಲಿನ ಹಿಂದೆ ಬರೆದು ಮರೆತರು. ಭಾನುವಾರ ರಾತ್ರಿ ಫ್ಲೋರ್ ನೋಡಿಕೊಳ್ಳುವ ಕ್ಯಾಪ್ಟನ್ ಬೇರೆ. ಅವನಿಗೆ ನೀವು ಬರುವುದೇ ಗೊತ್ತಿರುವುದಿಲ್ಲ. ಅದಕ್ಕೇ ಬುಕಿಂಗ್ ಆದ ತಕ್ಷಣ ವಾಟ್ಸಾಪಿನಲ್ಲಿ ತಾರೀಖು, ವಾರ, ಹೊತ್ತು, ಎಷ್ಟು ಜನ, ಕೊಟ್ಟ ಅಡ್ವಾನ್ಸ್ ಎಲ್ಲ ಬರೆದು ಕಳಿಸಿ, "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಅದೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇನ್ನೊಂದು ಫೋನ್ ಮಾಡಿ, "ರಾತ್ರಿ ಕ್ಯಾಪ್ಟನ್ ಯಾರು, ಅವರಿಗೇ ಕೊಡಿ" ಅನ್ನಿ. ಸಾಧ್ಯವಾದರೆ ಹಿಂದಿನ ದಿನ ಹೋಗಿ, ಟೇಬಲ್ ಎಲ್ಲಿ ಜೋಡಿಸುತ್ತೀರಿ ಅಂತ ಬೆರಳು ಮಾಡಿ ತೋರಿಸಿಕೊಂಡು ಬನ್ನಿ.

ಎರಡನೆಯದು ತಂದೂರ್. ಇದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ನಾನಿದ್ದ ಕಡೆ ಇದ್ದದ್ದು ಒಂದೇ ತಂದೂರ್. ಒಂದು ಸಲಕ್ಕೆ ಎಂಟು ಹತ್ತು ರೋಟಿ ಹಚ್ಚಬಹುದಿತ್ತು. ಅದೇ ತಂದೂರಿನಲ್ಲಿ ಪನೀರ್ ಟಿಕ್ಕಾ ಕೂಡ ಆಗಬೇಕು. ಭಾನುವಾರ ರಾತ್ರಿ ಎಂಟೂವರೆಗೆ ಹಾಲ್ ತುಂಬಿರುತ್ತೆ, ಆನ್‌ಲೈನ್ ಆರ್ಡರ್ ಮಷೀನು ಕೀ ಕೀ ಅಂತ ಬಡಿದುಕೊಳ್ಳುತ್ತಿರುತ್ತೆ, ಪಾರ್ಸಲ್ ಹುಡುಗರು ಹೆಲ್ಮೆಟ್ ಹಾಕಿಕೊಂಡೇ ಕೌಂಟರಿನಲ್ಲಿ ನಿಂತಿರುತ್ತಾರೆ. ಆಗ ನಿಮ್ಮ 22 ಜನ ಒಬ್ಬರು ಬಟರ್ ನಾನ್, ಒಬ್ಬರು ಕುಲ್ಚಾ, ಒಬ್ಬರು ಬೆಣ್ಣೆ ಇಲ್ಲದ ತಂದೂರಿ ರೋಟಿ ಅಂದರೆ ಅಡುಗೆಮನೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಆರ್ಡರ್ ಚೀಟಿ ಒಳಗೆ ಹೋಗುವುದು ಟೇಬಲ್ ಲೆಕ್ಕದಲ್ಲಿ. ಮೂರು ಟೇಬಲ್ ಅಂದರೆ ಒಳಗಿನವರಿಗೆ ಅದು ಮೂರು ಬೇರೆ ಬೇರೆ ಕುಟುಂಬ. ಚಿಕ್ಕಪ್ಪ ಮೊಸರನ್ನ ಮುಗಿಸಿದ್ದು, ನಿಮಗೆ ರೋಟಿ ಬಾರದೇ ಇದ್ದದ್ದು ಇದೇ ಕಾರಣಕ್ಕೆ ಇರಬೇಕು.

ಏನು ಮಾಡಬೇಕು ಅಂದರೆ, ಮೆನು ಮೊದಲೇ ಗೊತ್ತು ಮಾಡಿ. ಒಂದು ಸೂಪು, ಎರಡು ಸ್ಟಾರ್ಟರ್, ಎರಡು ಗ್ರೇವಿ, ಒಂದೇ ಬಗೆಯ ರೋಟಿ, ಒಂದು ಅನ್ನದ್ದು, ಮೊಸರನ್ನ. ನಂಟರ ಮುಂದೆ ಮೆನು ಕಾರ್ಡ್ ತೆರೆಯಲೇಬೇಡಿ. ಏಳು ಗಂಟೆಗೆ ಕೂರಿ, ಎಂಟೂವರೆಗೆ ಬೇಡ. ಆರ್ಡರ್ ಹೇಳುವವರು ಒಬ್ಬರೇ ಇರಲಿ. "ನಮಗೆ ಅಂತ ಒಬ್ಬ ಸಪ್ಲೈಯರ್ ಕೊಡಿ" ಅಂತ ಕೇಳಿ, ಕೊಡುತ್ತಾರೆ. ಇನ್ನೊಂದು ವಿಷಯ, ಹೇಳಲು ಸ್ವಲ್ಪ ಮುಜುಗರ. ಟಿಪ್ಸ್ ಕೊನೆಗೆ ಕೊಡುವುದಕ್ಕಿಂತ ಒಂದಿಷ್ಟು ಮೊದಲೇ ಆ ಹುಡುಗನ ಕೈಗಿಟ್ಟು "ಇವತ್ತು ನಮ್ಮಪ್ಪನ ಅರವತ್ತು ಕಣಪ್ಪ" ಅಂದುನೋಡಿ. ನಾನೂ ಒಂದು ಕಾಲದಲ್ಲಿ ಅದಕ್ಕೆ ಕರಗಿದವನೇ.

ಅಜ್ಜಿಯ ವಿಷಯ ಮಾತ್ರ ಕೂತ ಕೂಡಲೇ ಹೇಳಬೇಕಿತ್ತು. "ಶುಗರ್ ಇದೆ, ಒಂದು ಪ್ಲೇಟ್ ಇಡ್ಲಿನೋ ಅನ್ನ ಸಾರೋ ಮೊದಲು ಕೊಡಿ" ಅಂದರೆ ಎಂಥ ರಶ್ಶಿನಲ್ಲೂ ಐದು ನಿಮಿಷದಲ್ಲಿ ಬರುತ್ತೆ. ಅದಕ್ಕೆ ತಂದೂರ್ ಬೇಕಿಲ್ಲವಲ್ಲ.

ಶಿವಮೊಗ್ಗದಿಂದ

ನಿಮ್ಮ ಭಾವ ಬೈದರು ಅಂದಿರಲ್ಲ, ಅದನ್ನು ಓದಿ ನನ್ನದೇ ನೆನಪಾಯಿತು. ಮಗಳ ಮೊದಲ ವರ್ಷದ ಹುಟ್ಟುಹಬ್ಬ. ಮಗು ನಿದ್ದೆಗೆ ಅಳುತ್ತಿದೆ, ಅತ್ತೆಗೆ ಸೊಂಟ ನೋವು, ಊಟದ ಸುಳಿವೇ ಇಲ್ಲ. ಒಂದು ಗಂಟೆ ಬಾಯಿ ಬಿಡದೆ ಕೂತಿದ್ದೆ. ಆಮೇಲೆ ಗೋಬಿ ಬದಲು ಬೇಬಿಕಾರ್ನ್ ತಂದಿಟ್ಟ ಹುಡುಗನ ಮೇಲೆ ಎಲ್ಲವನ್ನೂ ಸುರಿದೆ. ಅಕ್ಕಪಕ್ಕದ ಟೇಬಲ್ಲಿನವರು ಊಟ ಬಿಟ್ಟು ನೋಡಿದರು. ಆ ಹುಡುಗನಿಗೆ ಕನ್ನಡವೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿ ಮೂರು ದಿನ ಆಗಿತ್ತಂತೆ. ವಾಪಸು ಬರುವಾಗ ಅತ್ತೆ ಆಟೋದಲ್ಲಿ ಒಂದೇ ಮಾತು ಹೇಳಿದ್ದು: "ಅವನೂ ಯಾರದೋ ಮಗ ಅಲ್ವೇನೇ."

ಆ ದಿನದ ಫೋಟೋಗಳಲ್ಲಿ ನನ್ನ ಮುಖ ನೋಡಲು ಈಗಲೂ ಆಗುವುದಿಲ್ಲ. ಈಗ ನಾನು ಹತ್ತು ಹದಿನೈದು ನಿಮಿಷಕ್ಕೇ ಎದ್ದು ಹೋಗುತ್ತೇನೆ. ಸಪ್ಲೈಯರ್ ಹತ್ತಿರ ಅಲ್ಲ, ಗಲ್ಲಾದ ಹತ್ತಿರ. ಮೆತ್ತಗೆ ಕೇಳುತ್ತೇನೆ. ಸಿಟ್ಟು ಬರುವ ಮೊದಲೇ ಹೋಗಿಬಿಟ್ಟರೆ ಮೆತ್ತಗೆ ಕೇಳೋದು ಸುಲಭ. ನಾವು ಮರ್ಯಾದೆಗೆ ಅಂಜಿ ಕೂತು ಕೂತು, ಕೊನೆಗೆ ಮರ್ಯಾದೆ ಬಿಟ್ಟೇ ಮಾತಾಡೋದು.

ಮಂಗಳೂರಿನಿಂದ, ಬಿಲ್ಲಿನ ಬಗ್ಗೆ

ಬಿಲ್ ಇಟ್ಟುಕೊಂಡಿದ್ದೀರಿ ತಾನೆ? ಲೆಕ್ಕ ನೋಡಿ. ಊಟ 14,000. ಸರ್ವಿಸ್ ಚಾರ್ಜ್ 1,400. ಜಿಎಸ್‌ಟಿ 5% ಹಾಕಿದ್ದು 15,400ರ ಮೇಲೆ ಇರುತ್ತೆ, ಅಂದರೆ 770. ಒಟ್ಟು 16,170. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 14,700 ಆಗುತ್ತಿತ್ತು. ನಿಮ್ಮ ಕೈಯಿಂದ ಜಾಸ್ತಿ ಹೋಗಿದ್ದು 1,470.

ಜಿಎಸ್‌ಟಿ ಸರ್ಕಾರದ್ದು, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರದು, ಕೊಡುವುದು ಬಿಡುವುದು ನಮ್ಮಿಷ್ಟ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ತಂದಿದೆ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲಿ ಮಾಡಬಾರದು, ಅದರ ಮೇಲೆ ಜಿಎಸ್‌ಟಿ ಹಾಕಬಾರದು, ಕೊಡಲ್ಲ ಅಂದವರನ್ನು ಒಳಗೆ ಬಿಡದೆ ಇರಬಾರದು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಆಗ ತಡೆ ಸಿಕ್ಕಿತ್ತು. 2025ರ ಮಾರ್ಚ್ 28ಕ್ಕೆ ಕೋರ್ಟು ಮಾರ್ಗಸೂಚಿ ಸರಿ ಅಂತ ಹೇಳಿ, ಎರಡೂ ಸಂಘಗಳಿಗೆ ತಲಾ 1 ಲಕ್ಷ ದಂಡ ಹಾಕಿತು. ಅವರು ಮೇಲ್ಮನವಿಗೂ ಹೋಗಿದ್ದಾರೆ. "ಮೆನುವಿನಲ್ಲೇ ಬರೆದಿದೆ ಸಾರ್" ಅನ್ನುವ ಮಾತಿಗೆ ಸೊಪ್ಪು ಹಾಕಬೇಡಿ. ಬರೆದುಬಿಟ್ಟರೆ ಕಡ್ಡಾಯ ಆಗುವುದಿಲ್ಲ.

ಮೊದಲು ಹೋಟೆಲಿನವರನ್ನೇ ಕೇಳಿ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಇ-ಜಾಗೃತಿ ಅನ್ನುವ ಪೋರ್ಟಲಿನಲ್ಲಿ ಮನೆಯಿಂದಲೇ ಆಗುತ್ತೆ.

ನನ್ನನ್ನು ಕೇಳಿದರೆ ಸೂಪು ತಡ ಆಗಿದ್ದಕ್ಕೆ ಆಯೋಗಕ್ಕೆ ಹೋಗಬೇಡಿ. ಅಲೆದಾಟ ಜಾಸ್ತಿ. 1,470 ಮಾತ್ರ ಬಿಡಬೇಡಿ. ಅದು ನಿಮ್ಮದು.

ಕುಂದಾಪುರದಿಂದ

ಅರವತ್ತರ ಶಾಂತಿ ಮಾಡಿ ರಾತ್ರಿ ಹೋಟೆಲಿಗೆ ಯಾಕೆ ಹೋಗಬೇಕು? ಬೆಳಿಗ್ಗೆ ಬಂದಿದ್ದ ಅಡುಗೆ ಭಟ್ಟರಿಗೇ ಎಲೆಗೆ ಇಷ್ಟು ಅಂತ ಮಾತಾಡಿ ರಾತ್ರಿಗೂ ಒಂದು ಗೊಜ್ಜು, ಸಾರು, ಪಾಯಸ ಮಾಡಿಸಿದ್ದರೆ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದಿತ್ತು. ಪಂಕ್ತಿಯಲ್ಲಿ ಒಬ್ಬರಿಗೆ ಮೊಸರನ್ನ, ಒಬ್ಬರಿಗೆ ಸೂಪು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಹುಬ್ಬಳ್ಳಿಯಿಂದ, ಮೇಲಿನವರಿಗೆ

ಅದೆಲ್ಲಾ ಖರೆ ರೀ. ಆದರ ರಾತ್ರಿ ಹನ್ನೊಂದಕ್ಕ ಪಡಸಾಲಿ ಸಾರಿಸೋರು ಯಾರು? ಭಟ್ಟರು ತಮ್ಮ ಪಾತ್ರೆ ತಗೊಂಡು ಹೋಗ್ತಾರ. ನಮ್ಮವು ನಮಗ ಉಳೀತಾವ. ಅವರ ಅಮ್ಮನ್ನ ಒಂದು ಹೊತ್ತು ಕೂಡಿಸಬೇಕು ಅಂತನ ಅಲ್ಲೇನ್ರೀ ಹೊರಗ ಹೋಗಿದ್ದು?

ಲಂಡನ್ನಿನಿಂದ

ಇಲ್ಲಿಯೂ ಸರ್ವಿಸ್ ಚಾರ್ಜ್ ಇದೆ, ಸಾಮಾನ್ಯವಾಗಿ 12.5%. ಬಿಲ್ಲಿನಲ್ಲಿ ಐಚ್ಛಿಕ ಅಂತ ಬರೆದೇ ಇರುತ್ತೆ. ತೆಗೆಯಿರಿ ಅಂದರೆ ಮುಖ ಸಿಂಡರಿಸದೆ ತೆಗೆಯುತ್ತಾರೆ. 2024ರ ಅಕ್ಟೋಬರಿನಿಂದ ಆ ಹಣ ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನೂ ಬಂದಿದೆ. ಆದರೂ ಮೊದಲ ಸಲ ತೆಗೆಯಿರಿ ಅನ್ನಲು ನನಗೆ ಮೂರು ವರ್ಷ ಬೇಕಾಯಿತು. ಜೊತೆಯಲ್ಲಿ ಅಪ್ಪ ಇದ್ದಿದ್ದರೆ ಇನ್ನೂ ಅಂದಿರುತ್ತಿರಲಿಲ್ಲ.

ಮೈಸೂರಿನಿಂದ

ರಿವ್ಯೂ ಬರೆಯುವುದಾದರೆ ಅದೇ ರಾತ್ರಿ ಬರೆಯಬೇಡಿ. ನಾನು ಬರೆದಿದ್ದೆ. "ದರಿದ್ರ ಹೋಟೆಲ್" ಅಂತ ಶುರು ಮಾಡಿ ಕ್ಯಾಷಿಯರ್ ಹೆಸರನ್ನೂ ಹಾಕಿದ್ದೆ. ಯಾರೂ ಕ್ಯಾರೇ ಅನ್ನಲಿಲ್ಲ. ಆಮೇಲೆ ಅದನ್ನು ಅಳಿಸಿ ಬರೀ ಹೊತ್ತು, ಜನ, ದುಡ್ಡು ಬರೆದೆ: ಎಷ್ಟಕ್ಕೆ ಹೋದೆವು, ಎಷ್ಟಕ್ಕೆ ಊಟ ಬಂತು, ಏನು ಕೇಳಿದೆವು, ಏನು ಉತ್ತರ ಬಂತು. ಎರಡನೇ ದಿನಕ್ಕೆ ಮಾಲೀಕರದೇ ಫೋನ್. ರಿವ್ಯೂ ತೆಗೆದರೆ ಊಟ ಫ್ರೀ ಅಂದರು. ಊಟ ಬೇಡ ಅಂದೆ, ರಿವ್ಯೂ ಈಗಲೂ ಇದೆ.

ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ನಾಲ್ಕಕ್ಕೆ, ಹೋಟೆಲ್ ಖಾಲಿ ಇರುವ ಹೊತ್ತು ನೋಡಿಕೊಂಡು ಹೋದೆ. ಮಾಲೀಕರೇ ಇದ್ದರು. ಫೋನ್ ಮಾಡಿದ್ದು, ದುಡ್ಡು ಕಳಿಸಿದ್ದು, ಬಿಲ್ ಮೂರನ್ನೂ ಮುಂದಿಟ್ಟೆ. ಡೈರಿ ತೆಗೆಸಿದರು. ನಮ್ಮ ಹೆಸರು ಇತ್ತು! 22 ಜನ, ಎಂಟೂವರೆ, ಅಡ್ವಾನ್ಸ್ 2,000, ಎಲ್ಲ ಸರಿಯಾಗಿ ಬರೆದಿದ್ದರು. ಆದರೆ ಮುಂದಿನ ಭಾನುವಾರದ ಪುಟದಲ್ಲಿ.

ಅವರು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ಸರ್ವಿಸ್ ಚಾರ್ಜಿನ ಮಾತು ತೆಗೆದೆ. ಮೊದಲು "ಅದು ಹುಡುಗರಿಗೆ ಹೋಗುತ್ತೆ" ಅಂದರು. ಸಕ್ಕರೆ ನೀರು ತಂದ ಹುಡುಗನನ್ನು ಕರೆಸಿ, ಅವನಿಗೇ ಕೊಡುತ್ತೇನೆ ಅಂದೆ. ಸುಮ್ಮನಾದರು. ಅಲ್ಲೇ 1,470 ನನ್ನ ಫೋನಿಗೆ ಹಾಕಿದರು. ಅದರಲ್ಲಿ 500 ಆ ಹುಡುಗನಿಗೆ ಕೊಟ್ಟೆ. ಅವನಿಗೆ ನನ್ನ ನೆನಪಿರಲಿಲ್ಲ, "ಅಜ್ಜಿ ಹೇಗಿದಾರೆ" ಅಂತ ಮಾತ್ರ ಕೇಳಿದ.

ಅಪ್ಪನಿಗೆ ದುಡ್ಡು ವಾಪಸು ಬಂದಿದ್ದಕ್ಕಿಂತ ಡೈರಿಯ ಕಥೆ ಖುಷಿ ಕೊಟ್ಟಿತು. "ಹಾಗಾದ್ರೆ ಈ ಭಾನುವಾರ ನಮಗೆ ಟೇಬಲ್ ಇದೆ ಅಂತಾಯ್ತು" ಅಂತ ನಗುತ್ತಿದ್ದಾರೆ. ಅಮ್ಮ ಬರುವುದಿಲ್ಲವಂತೆ.

ಸೀಮಂತಕ್ಕೆ ಬೇರೆ ಕಡೆ ಒಂದು ಪಾರ್ಟಿ ಹಾಲ್ ನೋಡಿದ್ದೇವೆ. ಊಟ ಮಧ್ಯಾಹ್ನಕ್ಕೆ, ಮೆನು ಮೊದಲೇ ಗೊತ್ತು ಮಾಡಿ, 35 ಜನಕ್ಕೆ. ಅಜ್ಜಿ ತಮ್ಮ ಮೊಸರನ್ನದ ಡಬ್ಬಿ ತಾವೇ ತರುತ್ತಾರಂತೆ. ಇನ್ಸುಲಿನ್ ಯಾವಾಗ ತಗೊಳ್ಳಬೇಕು ಅಂತ ಡಾಕ್ಟರನ್ನೂ ಕೇಳಿಕೊಂಡು ಬಂದಿದ್ದೇವೆ. ಕ್ಯಾಪ್ಟನ್ ಸಾರ್, ಒಂದು ಕೇಳೋದಿತ್ತು. ಹೊರಗಿನ ಡಬ್ಬಿ ಬಿಡುವುದಿಲ್ಲ ಅಂತ ಅವರ ಬೋರ್ಡಿನಲ್ಲಿ ಬರೆದಿದೆ. ಅಜ್ಜಿಯ ಡಬ್ಬಿಗೂ ಮೊದಲೇ ವಾಟ್ಸಾಪ್ ಮಾಡಿ "ಸರಿ" ಅನ್ನಿಸಿಕೊಳ್ಳಬೇಕಾ?