‘ಫ್ಯಾಸೆಟ್’ಗೆ ಕನ್ನಡದಲ್ಲಿ ಏನನ್ನೋಣ: ಎಳೆ, ಮಗ್ಗುಲು, ಮುಖ?

ಎಲ್ಲರಿಗೂ ನಮಸ್ಕಾರ. ಒಂದು ವಿಷಯವನ್ನು ಬಿಡಿಸಿದಾಗ ಸಿಗುವ ಒಂದೊಂದು ಬಗೆಯ ವಿವರಕ್ಕೆ ಗ್ರಂಥಾಲಯದವರು ‘ಫ್ಯಾಸೆಟ್’ ಅಂತಾರೆ. ಅದಕ್ಕೊಂದು ಕನ್ನಡ ಪದ ಹುಡುಕುತ್ತಿದ್ದೇನೆ.

ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಮಲೆನಾಡಿನ ಬೇಸಾಯದ ಬಗ್ಗೆ ಆನ್‌ಲೈನಿನಲ್ಲಿ ಸಿಗುವ ವಿಡಿಯೊ, ಆಡಿಯೊ, ಪಿಡಿಎಫ್‌ಗಳ ಕೊಂಡಿಗಳನ್ನು ಒಂದೇ ಕಡೆ ಜೋಡಿಸುತ್ತಿದ್ದೇವೆ. ಪ್ರತಿಯೊಂದಕ್ಕೂ ಅದು ಯಾವ ವಿಷಯದ್ದು ಅಂತ ಬರೆಯಬೇಕು. ಮನಸ್ಸಿಗೆ ಬಂದ ಪದ ಹಾಕಿದರೆ ಆಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ನಮ್ಮಲ್ಲಿ ಸುಮ್ನೆ ‘ಕೊಳೆ’ ಅಂತಾರೆ, ಘಟ್ಟದ ಕೆಳಗೆ ‘ಮಹಾಳಿ’. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಅದಕ್ಕೇ ಗ್ರಂಥಾಲಯದ ವರ್ಗೀಕರಣವನ್ನು ಇಲ್ಲೂ ಬಳಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಒಂದೊಂದು ವಿಷಯಕ್ಕೂ ಒಂದು ನಂಬರ್ ಕೊಡುತ್ತಾರೆ; ಹೆಸರು ಊರಿಗೊಂದು ಇದ್ದರೂ ನಂಬರ್ ಒಂದೇ.

ಯಾವ ಪದ್ಧತಿ ಅನ್ನುವುದು ಮುಂದಿನ ಮಾತು. 1876ರಲ್ಲಿ ಬಂದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಾಫಿ ಬೆಳೆಗೆ 633.73. ಅದೇ ಕಾಫಿ ಕುಡಿಯುವ ಮಾತು ಬಂದರೆ 641ರ ಕೆಳಗೆ ಹೋಗುತ್ತದೆ. ಕಪಾಟಿನಲ್ಲಿ ಪುಸ್ತಕ ಒಂದೇ ಜಾಗದಲ್ಲಿ ನಿಲ್ಲಬೇಕು, ಹಾಗಾಗಿ ಯಾವುದೋ ಒಂದನ್ನು ಆರಿಸಬೇಕಾಗುತ್ತದೆ. ಕೊಂಡಿಗೆ ಆ ಕಟ್ಟು ಇಲ್ಲ ಅಲ್ವಾ? ಆನ್‌ಲೈನ್ ಸಾಮಗ್ರಿಯ ವಿವರ ಬರೆದಿಡಲು ಬಳಸುವ ‘ಡಬ್ಲಿನ್ ಕೋರ್’ ಅನ್ನುವ ಪಟ್ಟಿಯ 15 ಅಂಶಗಳಲ್ಲಿ ವಿಷಯಕ್ಕೊಂದು ಖಾನೆ ಇದೆ, ಊರು ಮತ್ತು ಕಾಲಕ್ಕೆ ಇನ್ನೊಂದು. ಆದರೆ ಬೆಳೆ, ರೋಗ, ಕೆಲಸ ಎಲ್ಲವನ್ನೂ ವಿಷಯದ ಖಾನೆಗೇ ತುರುಕಬೇಕು. ನಮಗೆ ಜಾಸ್ತಿ ಒಗ್ಗುವುದು 1933ರಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ಕೊಟ್ಟ ಕೋಲನ್ ವರ್ಗೀಕರಣದ ದಾರಿ. ವಿಷಯವನ್ನು ಬಿಡಿಬಿಡಿ ಮಾಡಿಕೊಂಡು, ಆಮೇಲೆ ಚಿಹ್ನೆ ಹಾಕಿ ಕೂಡಿಸುವುದು.

ತೀರ್ಥಹಳ್ಳಿ ಕಡೆಯ ಒಂದು ವಿಡಿಯೊ ತೆಗೆದುಕೊಳ್ಳಿ. ಮೈಲುತುತ್ತ, ಸುಣ್ಣ ಬೇರೆ ಬೇರೆ ಕದಡಿ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಾರೆ. ಮಳೆ ಹಿಡಿಯುವ ಮೊದಲೇ ಕೊನೆಗಾರ ಮರ ಹತ್ತಿ ಗೊನೆಗೆ ಹೊಡೆಯುತ್ತಾನೆ. ಇದನ್ನು ನಾವು ಹೀಗೆ ಬಿಡಿಸಿದೆವು: ಬೆಳೆ ಅಡಿಕೆ, ಭಾಗ ಕಾಯಿ, ತೊಂದರೆ ಕೊಳೆ, ಕೆಲಸ ಔಷಧಿ ಹೊಡೆಯುವುದು, ಊರು ತೀರ್ಥಹಳ್ಳಿ, ಕಾಲ ಮುಂಗಾರು. ಯಾವ ತುದಿಯಿಂದ ಹುಡುಕಿದರೂ ವಿಡಿಯೊ ಸಿಗುತ್ತದೆ.

ಬೆಳೆ, ಭಾಗ, ತೊಂದರೆ ಅಂತ ಬಿಡಿಸಿದೆವಲ್ಲ, ಇಂಥ ಒಂದೊಂದಕ್ಕೂ ‘ಫ್ಯಾಸೆಟ್’ ಅಂತಾರೆ. ಕನ್ನಡದಲ್ಲಿ ಏನನ್ನಬೇಕು?

‘ಮುಖ’ ಸರಿ ಕಾಣುವುದಿಲ್ಲ. ಮುಖ ಅಂದರೆ ಎದುರಿಗೆ ಕಾಣುವುದು. ಇಲ್ಲಿ ಯಾವುದೂ ಮುಂದೆ ಅಲ್ಲ, ಯಾವುದೂ ಹಿಂದೆ ಅಲ್ಲ. ‘ಆಯಾಮ’ ಭಾಷಣಗಳಲ್ಲಿ ಸವೆದುಹೋಗಿದೆ. ‘ಮಗ್ಗುಲು’ ಇಷ್ಟ, ಆದರೆ ಅದನ್ನು ಕೇಳಿದರೆ ಮಲಗಿದವರೇ ನೆನಪಾಗುತ್ತಾರೆ.

ನನ್ನ ಮನಸ್ಸು ‘ಎಳೆ’ ಕಡೆಗಿದೆ. ‘ಎಳೆಎಳೆಯಾಗಿ ಬಿಡಿಸಿ ಹೇಳು’ ಅಂತೀವಲ್ಲ, ನಾವು ಮಾಡುತ್ತಿರುವುದು ಅದನ್ನೇ. ಎಳೆಗಳನ್ನು ಮತ್ತೆ ಕೂಡಿಸಲೂಬಹುದು. ತೊಡಕು ಒಂದೇ: ಪರದೆ ಮೇಲೆ ‘ಎಳೆ: ಅಡಿಕೆ’ ಅಂತ ಹಾಕಿದರೆ ನಮ್ಮ ಬೆಳೆಗಾರರು ‘ಎಳೆ ಅಡಿಕೆ’ ಅಂತಲೇ ಓದುತ್ತಾರೆ. ಹುಡುಕುವವರಿಗೆ ‘ಯಾವ ಬೆಳೆ?’, ‘ಏನು ತೊಂದರೆ?’, ‘ಯಾವ ಊರು?’ ಅಂತ ಕೇಳಿಬಿಡಬಹುದು. ಆದರೆ ವಿವರ ತುಂಬಿಸುವವರಿಗೆ ಕೊಡುವ ಕೈಪಿಡಿಯಲ್ಲಿ ಒಂದು ಹೆಸರು ಬೇಕೇ ಬೇಕು.

ಗ್ರಂಥಾಲಯ ವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ? ಸಾಗರ, ಸೊರಬ, ಹೊಸನಗರ ಕಡೆಯವರ ಬಾಯಲ್ಲಿ ಇದಕ್ಕೆ ಹೊಂದುವ ಬೇರೆ ಮಾತು ಇದೆಯೇ? ಬರೀ ಪದ ಕಳಿಸಬೇಡಿ, ಅದನ್ನು ಬಳಸಿದ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ.