ಬೇಳೆ ಮಿಲ್ಲಿನ ಧೂಳಿಗೆ ಯಾವ ಮಾಸ್ಕ್ ತರಲಿ?

ಪ್ರಶ್ನೆ: ಶರಣ್ರಿ ಸರ್. ಕಲಬುರಗಿಯ ಕಪನೂರ ಕಡೆ ನಮ್ಮದೊಂದು ಸಣ್ಣ ಬೇಳೆ ಮಿಲ್ಲು ಇದೆ. ತೊಗರಿ ಸೀಸನ್ ಶುರುವಾದರೆ ಹೊಟ್ಟಿನ ಧೂಳಿಗೆ ಎದುರಿನವರ ಮುಖ ಕಾಣುವುದಿಲ್ಲ. 2020ರಲ್ಲಿ ಕೊರೊನಾಕ್ಕೆ ತಂದ ಸರ್ಜಿಕಲ್ ಮಾಸ್ಕ್ ಎರಡು ಡಬ್ಬಿ ಉಳಿದಿವೆ. ಕೊಟ್ಟರೆ ಅರ್ಧ ಗಂಟೆಗೆ ಗದ್ದಕ್ಕೆ ಇಳಿಸುತ್ತಾರೆ, ಟವೆಲ್ಲೇ ವಾಸಿ ಅನ್ನುತ್ತಾರೆ. ಬೇಳೆ ಆರಿಸುವ ಆರು ಹೆಣ್ಣುಮಕ್ಕಳು ಎದುರುಬದುರು ಕೂರುತ್ತಾರೆ. ಒಬ್ಬರಿಗೆ ನೆಗಡಿ ಬಂದರೆ ವಾರದಲ್ಲಿ ಎಲ್ಲರಿಗೂ ಬರುತ್ತದೆ. ಯಾವ ಮಾಸ್ಕ್ ತರಲಿ?

ಉತ್ತರ (ಸುರಕ್ಷತಾ ಇಂಜಿನಿಯರ್): ಶರಣ್ರಿ. ಮಾಸ್ಕ್ ಆಮೇಲೆ ನೋಡೋಣ, ಮೊದಲು ಧೂಳು ಏಳುವ ಜಾಗ ಹಿಡಿಯಿರಿ. ಕಾಳು ಮೇಲಕ್ಕೆತ್ತುವ ಎಲಿವೇಟರ್ ಬಾಯಿ, ಜರಡಿ, ಹೊಟ್ಟು ಬೀಳುವ ಮೂಲೆ, ಸಾಮಾನ್ಯವಾಗಿ ಇಷ್ಟೇ. ಎಲ್ಲರೂ ಗೋಡೆಗೊಂದು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಸುಮ್ನಾಗುತ್ತಾರೆ. ಅದು ಧೂಳನ್ನು ಕೆಲಸದವರ ಮೂಗಿನ ಮುಂದಿನಿಂದಲೇ ಎಳೆದುಕೊಂಡು ಹೋಗುತ್ತದೆ! ಧೂಳೆಳೆಯುವ ಪೈಪು ಧೂಳು ಏಳುವ ಜಾಗಕ್ಕೇ ತಾಗಿದ ಹಾಗೇ ಇರಬೇಕು. ಎಂಟು ಇಂಚಿನ ಪೈಪಾದರೆ, ಎಂಟು ಇಂಚು ದೂರಕ್ಕೆ ಗಾಳಿಯ ಎಳೆತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ನಂಬಿಕೆ ಬರದಿದ್ದರೆ ಒಂದು ಗೇಣು ಹೊಲಿಗೆ ದಾರ ಹಿಡಿದು ನೋಡಿ, ಎಲ್ಲಿ ಜೋತು ಬೀಳುತ್ತದೋ ಅಲ್ಲಿಗೆ ಎಳೆತ ಮುಗಿಯಿತು. ಊದಿನಕಡ್ಡಿ ಮಾತ್ರ ಬೇಡ. ಕಾಳಿನ ಧೂಳು ಗಾಳಿಯಲ್ಲಿ ತುಂಬಿದ್ದಾಗ ಒಂದು ಕಿಡಿಗೂ ಸಿಡಿಯಬಹುದು.

ಇನ್ನು ಮಾಸ್ಕ್. ಸರ್ಜಿಕಲ್ ಮಾಸ್ಕ್ ಕೆನ್ನೆಯ ಪಕ್ಕ ಸಂದಿ ಬಿಡುತ್ತದೆ, ಸಣ್ಣ ಧೂಳು ಅಲ್ಲಿಂದಲೇ ಒಳಗೆ. ಟವೆಲ್ಲೂ ಅಷ್ಟೇ. ಸಣ್ಣ ಧೂಳು ಸೋಸುವ ಎನ್95 ಮಾಸ್ಕ್, ಅಥವಾ ಐಎಸ್ 9473 (ಇಂಥ ಮಾಸ್ಕಿನ ಭಾರತೀಯ ಮಾನಕ) ಗುರುತಿನ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್ ತನ್ನಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದೇ ಬಿಗಿ ಕೂರುತ್ತದೆ. ಗಡ್ಡ ಇದ್ದರೆ ಎಷ್ಟು ದುಬಾರಿ ಮಾಸ್ಕಾದರೂ ಅಂಚಿನಲ್ಲಿ ಸೋರುತ್ತದೆ.

ಪ್ರಶ್ನೆ: ತೊಳೆದು ಹಾಕಬಹುದಾ ಸರ್? ಏಪ್ರಿಲ್‌ನಲ್ಲಿ ಇಲ್ಲಿ 42 ಡಿಗ್ರಿ. ಉಸಿರು ಹೊರಬಿಡುವ ವಾಲ್ವ್ ಇರುವುದು ತಂದರೆ?

ಉತ್ತರ: ತೊಳೆಯಬೇಡಿ. ಒಳಪದರಕ್ಕೆ ವಿದ್ಯುತ್ ಚಾರ್ಜ್ ಕೊಟ್ಟಿರುತ್ತಾರೆ, ಸಣ್ಣ ಕಣ ಅಂಟುವುದು ಅದಕ್ಕೇ. ಸೋಪು ನೀರು ತಾಗಿದರೆ ಅದು ಹೋಯಿತು, ನೋಡಲು ಮಾತ್ರ ಹೊಸದರ ಹಾಗೇ ಇರುತ್ತದೆ. ಜರಡಿ ಹತ್ತಿರ ನಿಲ್ಲುವವರಿಗೆ ವಾಲ್ವ್ ಇರುವುದು ಒಳ್ಳೆಯದು, ಸೆಕೆ ಕಡಿಮೆ. ಆರಿಸುವವರಿಗೆ ಬೇಡ. ಬಿಟ್ಟ ಉಸಿರು ಸೋಸದೆ ಹಾಗೇ ಹೊರಗೆ ಬರುತ್ತದೆ, ನೆಗಡಿ ಇದ್ದವರಿಂದ ಪಕ್ಕದವರಿಗೆ ಹೋಗುತ್ತದೆ. ಅವರನ್ನು ಟೇಬಲ್ಲಿನ ಒಂದೇ ಕಡೆ, ಕಿಟಕಿಗೆ ಹತ್ತಿರ, ಜಾಗ ಬಿಟ್ಟು ಕೂರಿಸಿ. ಅಂದ ಹಾಗೆ, ಅಲ್ಲಿ ಟೇಬಲ್ ಫ್ಯಾನ್ ಎಲ್ಲಿದೆ?

ಪ್ರಶ್ನೆ: ಟೇಬಲ್ಲಿನ ತುದಿಗೆ ಸರ್, ಸಾಲಿನುದ್ದಕ್ಕೂ ಬೀಸುವ ಹಾಗೆ.

ಉತ್ತರ: ಸಿಕ್ಕಿತು ನೋಡಿ! ಮೊದಲನೆಯವರು ಸೀನಿದರೆ ಆರನೆಯವರಿಗೆ ನೀವೇ ಕಳಿಸುತ್ತಿದ್ದೀರಿ. ಅವರ ಬೆನ್ನ ಹಿಂದೆ ಇಡಿ, ಗಾಳಿ ಕಿಟಕಿ ಕಡೆ ಹೋಗಲಿ.

ಪ್ರಶ್ನೆ: ಈಗಲೇ ತಿರುಗಿಸಿದೆ. ಆರಿಸಿಟ್ಟ ಬೇಳೆಯ ಸಿಪ್ಪೆ ಹಾರುತ್ತದೆ ಅಂತ ಬೈಯುತ್ತಿದ್ದಾರೆ.

ಉತ್ತರ: ಒಂದು ನಂಬರ್‌ನಲ್ಲಿಡಿ ಸಾಕು.